ಇನ್ನೂ ಬಾರದ ವಾಲ್ವ್

ತಿರುವಿನಲ್ಲಿ ಆ ಪಿಕಪ್‌ನ ಸದ್ದು ಕೇಳಿದ್ದೇ ತಡ, ಅವಳು ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟಳು, ಎತ್ತಿಕೊಂಡಳು, ಮತ್ತೆ ಇಟ್ಟಳು. ಕೂದಲು ಸರಿಮಾಡಿಕೊಳ್ಳಲು ಹೋಗಿ ಹಣೆಗೆ ಗ್ರೀಸ್ ಬಳಿದುಕೊಂಡಳು. ಬೆಳಗಿನಿಂದ ಕಾಲು ಸುಟ್ಟ ಬೆಕ್ಕಿನ ಹಾಗೆ ಗ್ಯಾರೇಜಿನ ತುಂಬಾ ಓಡಾಡಿದ್ದಳು. ಅವನು ಬಂದೊಡನೆ ಕೇಳುವ ಪ್ರಶ್ನೆ ಗೊತ್ತಿತ್ತು, ಅದಕ್ಕೆ ಹೇಳಬೇಕಾದ ಸುಳ್ಳು ಬಾಯಿಪಾಠವಾಗಿತ್ತು. ಆದರೂ ಎದೆ ಸುಮ್ಮನಿರಬೇಕಲ್ಲ.

ಅವನು ಸಗಟು ಅಂಗಡಿಯ ಗೋಡೌನಿನಿಂದ ಸುತ್ತಲಿನ ಗ್ಯಾರೇಜುಗಳಿಗೆಲ್ಲ ಬಿಡಿಭಾಗಗಳ ಪೆಟ್ಟಿಗೆ ತಂದು ಇಳಿಸುವ ಡ್ರೈವರ್. ಅವಳ ಅಪ್ಪ ಅವನಿಗೆ ‘ಪಾರ್ಸಲ್’ ಎಂದು ಹೆಸರಿಟ್ಟಿದ್ದರು. ಸೊಂಟ ಹಿಡಿದುಕೊಂಡ ಮೇಲೆ ಅಪ್ಪ ಗಾಡಿಯಡಿ ತೂರುವುದನ್ನು ಬಿಟ್ಟಿದ್ದರು. ಆ ಕೆಲಸವೆಲ್ಲ ಈಗ ಮಗಳದ್ದು. ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ತಪ್ಪು ಹುಡುಕುವುದೊಂದೇ ಅಪ್ಪನ ಪಾಲಿಗೆ ಉಳಿದಿತ್ತು, ಅದನ್ನು ಅವರು ಬಲು ನಿಷ್ಠೆಯಿಂದ ಮಾಡುತ್ತಿದ್ದರು.

“ವಾಲ್ವ್ ಬಂತಾ ಮೇಡಂ?”

ಕೇಳಿದ್ದು ವಾಲ್ವಿನ ಬಗ್ಗೆ, ನೋಡುತ್ತಿದ್ದುದು ಅವಳ ಹಣೆಯ ಗ್ರೀಸನ್ನು. ನಗು ಅವನ ತುಟಿಯ ಒಂದೇ ತುದಿಯಲ್ಲಿ ಶುರುವಾಗಿ ಅಲ್ಲೇ ನಿಲ್ಲುತ್ತಿತ್ತು. ಇನ್ನೊಂದು ತುದಿಗೆ ಯಾವಾಗ ಬರುತ್ತದೆಂದು ಕಾಯುವುದೇ ಅವಳಿಗೊಂದು ಹಿಂಸೆ.

“ಇನ್ನೂ ಬಂದಿಲ್ಲ,” ಎಂದಳು.

ಪೆಟ್ರೋಲ್ ಟ್ಯಾಂಕಿಗೂ ಉಸಿರು ಬೇಕು. ಒಳಗಿನ ಆವಿ ಹೊರಗೆ ಹೋಗದಂತೆ ಹಿಡಿದಿಡುವ ಇದ್ದಿಲಿನ ಡಬ್ಬಿಯೊಂದು ಗಾಡಿಯ ಹಿಂಭಾಗದಲ್ಲಿ, ಸ್ಟೆಪ್ನಿಯ ಮೇಲ್ಗಡೆ ಇರುತ್ತದೆ. ಆ ಡಬ್ಬಿಗೆ ಗಾಳಿ ಬಿಡುವ ಅಂಗೈಯಗಲದ ವಾಲ್ವಿಗೆ ಧೂಳು ಮೆತ್ತಿ ಅದು ಮುಚ್ಚಿಕೊಂಡೇ ಕೂತರೆ ಟ್ಯಾಂಕಿಗೆ ಉಸಿರು ಕಟ್ಟುತ್ತದೆ. ಮೀಟರಿನಲ್ಲಿ ಹಳದಿ ದೀಪ ಹತ್ತುತ್ತದೆ. ಪಂಪಿನಲ್ಲಿ ಪೆಟ್ರೋಲ್ ಹಾಕಿಸಲು ಹೋದರೆ ನಾಜಲ್ಲು ಗುಟುಕಿಗೊಮ್ಮೆ ‘ಟಕ್’ ಎಂದು ನಿಂತುಬಿಡುತ್ತದೆ. ಹಿಂದಿನ ಸಾಲಿನವರೆಲ್ಲ ಹಾರ್ನ್ ಹೊಡೆಯುತ್ತಾರೆಂದೂ, ಪಂಪಿನವನು ಗಾಡಿಗೆ ಚಮಚದಲ್ಲಿ ಕುಡಿಸಬೇಕಾ ಎಂದು ಕೇಳುತ್ತಾನೆಂದೂ ಅವನು ಬಂದಾಗಲೆಲ್ಲ ಹೇಳಿ ನಗಿಸುತ್ತಿದ್ದ.

ಅವನ ಪಿಕಪ್ಪಿಗೆ ಆಗಿದ್ದೂ ಅದೇ. ಅವಳು ವಾಲ್ವ್ ಬಿಚ್ಚಿ, ಗಾಳಿ ಹೊಡೆದು, ಮತ್ತೆ ಹಾಕಿ ಕಳಿಸುತ್ತಿದ್ದಳು. ಅದು ಕೆಲವು ದಿನ ನಡೆದು ಮತ್ತೆ ಮುನಿಸಿಕೊಳ್ಳುತ್ತಿತ್ತು, ಅವನು ಮತ್ತೆ ಬರುತ್ತಿದ್ದ. ಗಾಡಿ ಸರಿಯಿದ್ದ ಕಾಲದಲ್ಲಿ ಅವನು ಪೆಟ್ಟಿಗೆ ಇಳಿಸಿ, ಹಾರ್ನ್ ಹೊಡೆದು ಹೋಗಿಬಿಡುತ್ತಿದ್ದ. ಈಗ ಅರ್ಧ ಗಂಟೆ ಕೂತು ಮಾತಾಡುತ್ತಾನೆ. ಆ ಅರ್ಧ ಗಂಟೆಗೋಸ್ಕರವೇ ಹೊಸ ವಾಲ್ವ್ ಇನ್ನೂ ‘ಬಂದಿರಲಿಲ್ಲ’. ನಿಜಕ್ಕೂ ಅದು ಮೇಲಿನ ಶೆಲ್ಫಿನಲ್ಲಿ, ಹಳೇ ವೈಪರುಗಳ ಹಿಂದೆ ಮಲಗಿತ್ತು. ಬಂದದ್ದು ಅವನ ಗಾಡಿಯಲ್ಲೇ, ಅವನೇ ಹೊತ್ತು ತಂದ ದೊಡ್ಡ ಪೆಟ್ಟಿಗೆಯಲ್ಲಿ. ಟೇಪು ಸುತ್ತಿದ ಪೆಟ್ಟಿಗೆಯೊಳಗೆ ಏನಿದೆಯೆಂದು ಡ್ರೈವರಿಗೆ ಹೇಗೆ ಗೊತ್ತಾಗುತ್ತದೆ ಎಂಬ ಭಂಡ ಧೈರ್ಯ ಅವಳದ್ದು.

ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರೆ. ಅವತ್ತಿಂದ ಅವಳಿಗೆ ಆ ಶೆಲ್ಫಿನ ಕಡೆ ನೆಟ್ಟಗೆ ನೋಡಲೂ ಆಗುತ್ತಿರಲಿಲ್ಲ, ನೋಡದೇ ಇರಲೂ ಆಗುತ್ತಿರಲಿಲ್ಲ.

ಇವತ್ತು ಅವನು ಎಂದಿನ ಹಾಗೆ ಕೂರಲಿಲ್ಲ. ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತ ನಿಂತೇ ಇದ್ದ. ಯಾಕಪ್ಪಾ ಪಾರ್ಸಲ್, ಮುಖ ಬಾಡಿದೆ ಎಂದು ಅಪ್ಪ ಕೇಳಿದಾಗ ಸುದ್ದಿ ಹೊರಬಂತು. ನಾಳೆ ಬೆಳಗ್ಗೆ ಗೋಡೌನಿನಲ್ಲಿ ಗಾಡಿಗಳ ತಪಾಸಣೆಯಂತೆ. ದೀಪ ಉರಿಯುವ ಗಾಡಿಗೆ ಈ ರೂಟ್ ಇಲ್ಲವಂತೆ. ಈ ರೂಟ್ ಬೇರೆಯವರಿಗೆ ಹೋಗುತ್ತದೆ, ಅವನನ್ನು ದೂರದ ಡಿಪೋಗೆ ಹಾಕುತ್ತಾರೆ. ಅಲ್ಲಿಂದ ಈ ಕಡೆ ತಲೆ ಹಾಕುವುದೂ ಕಷ್ಟ ಎಂದು ಅವನು ನೆಲ ನೋಡಿಕೊಂಡು ಹೇಳಿದ.

ಅವನು ಬರುತ್ತಿರಲಿ ಎಂದು ಬಚ್ಚಿಟ್ಟ ವಾಲ್ವೇ ಅವನನ್ನು ಊರು ಬಿಡಿಸಲು ಹೊರಟಿತ್ತು. ಗಾಳಿ ಹೊಡೆದು ಒಂದು ದಿನ ನೂಕಬಹುದೇ ಎಂದು ಯೋಚಿಸಿದಳು. ಹಳೇ ವಾಲ್ವನ್ನು ನಂಬುವ ಹಾಗಿರಲಿಲ್ಲ, ಬೆಳಗಾಗುವಷ್ಟರಲ್ಲಿ ದೀಪ ಮತ್ತೆ ಹತ್ತಿದರೆ ಮುಗಿಯಿತು. ಹೊಸದನ್ನು ಕೊಟ್ಟರೆ ತನ್ನ ಬಂಡವಾಳ ಬಯಲು. ಹೊಟ್ಟೆಪಾಡಿನ ಜೊತೆ ಆಟ ಆಡಿದಳೆಂದು ಅವನು ಒಂದು ಸಲ ಅಂದುಕೊಂಡರೆ ಆಮೇಲೆ ಯಾವ ನೆಪವೂ ಕೆಲಸಕ್ಕೆ ಬರುವುದಿಲ್ಲ.

ಸ್ಟೂಲ್ ಎಳೆದು ಹತ್ತಿದಳು. ವೈಪರುಗಳ ಹಿಂದಿನಿಂದ ವಾಲ್ವಿನ ಪೊಟ್ಟಣ ತೆಗೆದಳು. ಅದರ ಮೇಲೆ ಕೂತಿದ್ದ ಧೂಳು ಮೂಗಿಗೆ ಹೊಕ್ಕು ಸೀನು ಬಂತು.

“ಬಂದಿದೆ. ಮರೆತಿದ್ದೆ.”

ಯಾವಾಗ ಬಂತು ಎಂದು ಅವನು ಕೇಳಬೇಕಿತ್ತು. ಕೇಳಲಿಲ್ಲ, ಅದೇ ಅವಳನ್ನು ಹೆಚ್ಚು ಸುಟ್ಟಿತು. ಅಪ್ಪನಿಗೆ ಇದ್ದಕ್ಕಿದ್ದಂತೆ ಖಾಲಿ ರಸ್ತೆಯ ಮೇಲೆ ಬಹಳ ಆಸಕ್ತಿ ಹುಟ್ಟಿತು.

ಸ್ಟೆಪ್ನಿ ಕೆಳಗಿಳಿಸಿ, ರಟ್ಟು ಹಾಸಿ ಅವಳು ಗಾಡಿಯಡಿ ಜಾರಿದಳು. ಟಾರ್ಚ್ ಹಿಡಿಯುತ್ತೇನೆಂದು ಅವನು ಆಚೆ ಬದಿಯಿಂದ ತೂರಿಕೊಂಡ. ಇಬ್ಬರೂ ಅಂಗಾತ ಮಲಗಿ ಒಂದೇ ವಾಲ್ವನ್ನು ನೋಡುತ್ತಿದ್ದರು, ಮಧ್ಯೆ ಒಂದು ಗೇಣು ಜಾಗ. ಅವನ ಉಸಿರಿಗೆ ಅವಳ ಕಿವಿಯ ಬಳಿಯ ಕೂದಲು ಅಲುಗುತ್ತಿತ್ತು. ಅವಳು ವೈರಿನ ಪ್ಲಗ್ ಕಿತ್ತಳು, ಪೈಪಿನ ಕ್ಲಿಪ್ ಒತ್ತಿ ಸರಿಸಿದಳು. ತುಕ್ಕು ಹಿಡಿದ ಬೋಲ್ಟು ಸಡಿಲವಾಗಿ ಕೈಗೆ ಬಂದು, ಕೈಯಿಂದ ಜಾರಿ ಟಣ್ಣೆಂದು ನೆಲಕ್ಕೆ ಬಿತ್ತು.

“ನಿಮ್ಮ ಕೈಯಿಂದ ಬೋಲ್ಟ್ ಬಿದ್ದಿದ್ದನ್ನ ಇವತ್ತಿನವರೆಗೂ ನಾನು ನೋಡೇ ಇರ್ಲಿಲ್ಲ,” ಎಂದ.

ಇನ್ನು ತಡೆಯಲಾಗಲಿಲ್ಲ. “ಮರೆತಿರ್ಲಿಲ್ಲ. ಬಂದು ತುಂಬಾ ದಿನ ಆಯ್ತು. ಬಚ್ಚಿಟ್ಟಿದ್ದೆ.”

“ಗೊತ್ತು.”

“ಏನು ಗೊತ್ತು?”

“ಗೋಡೌನಲ್ಲಿ ಇದು ನಿನ್ನ ಗಾಡೀದೇ ಅಂತ ನನ್ನ ಕೈಗೇ ಕೊಟ್ರು. ಆ ಪೆಟ್ಟಿಗೆಗೆ ಹಾಕಿ ಟೇಪ್ ಸುತ್ತಿದ್ದು ನಾನೇ.”

ಅವಳು ದಡಕ್ಕನೆ ಏಳಲು ಹೋದಳು. ಗಾಡಿಯ ಚಾಸಿಸ್‌ಗೆ ತಲೆ ಬಡಿಯುವ ಮೊದಲೇ ಅವನ ಅಂಗೈ ಅಡ್ಡ ಬಂತು. ಪೆಟ್ಟು ಅವನ ಬೆರಳಿಗೆ ಬಿದ್ದಿತು, ಸಿಟ್ಟು ಮಾತ್ರ ಅವಳಿಗೇ ಬಂತು. ಇಷ್ಟು ದಿನ ತಾನು ಒಳಗೊಳಗೇ ಬೇಯುತ್ತಿದ್ದರೆ ಇವನು ಮಜಾ ನೋಡುತ್ತಿದ್ದನೇ?

“ಮತ್ತೆ ಪ್ರತಿ ಸಲ ಬಂದು ವಾಲ್ವ್ ಬಂತಾ, ವಾಲ್ವ್ ಬಂತಾ ಅಂತ ಯಾಕೆ ಕೇಳ್ತಿದ್ರಿ?”

“ಬಂದಿಲ್ಲ ಅಂತ ನೀವು ಹೇಳೋದನ್ನ ಕೇಳೋಕೆ. ಹಾಗಂದ್ರೆ ಇನ್ನೊಂದು ಸಲ ಬರಬಹುದಲ್ಲ.”

“ನಾಳೆ ರೂಟ್ ಕೈ ತಪ್ಪಿದ್ರೆ?”

“ಅದಕ್ಕೇ ರಾತ್ರಿಯೆಲ್ಲ ನಿದ್ದೆ ಇಲ್ಲ. ಕೊಟ್ಬಿಡಿ ಅಂತ ಕೇಳಿದ್ರೆ, ಇನ್ನು ಬರಲ್ಲ ಅಂದ ಹಾಗೆ ಆಗ್ತಿತ್ತು. ಕೇಳದೇ ಇದ್ರೆ ಊರೇ ಬಿಡಬೇಕು. ಏನು ಮಾಡ್ಲಿ ಹೇಳಿ?” ಅವನು ಟಾರ್ಚನ್ನು ಇನ್ನೊಂದು ಕೈಗೆ ಬದಲಿಸಿಕೊಂಡ. ಆಮೇಲೆ ಪೆಟ್ರೋಲ್ ಟ್ಯಾಂಕಿನ ಕಡೆ ನೋಡಿಕೊಂಡೇ ಹೇಳಿದ, “ನಂಗೆ ನೀವಂದ್ರೆ ತುಂಬಾ ಇಷ್ಟ.”

ಟಾರ್ಚಿನ ಬೆಳಕು ಅಲುಗಿತು. ಸುಳ್ಳನ್ನು ಸರಾಗವಾಗಿ ಹೇಳುತ್ತಿದ್ದ ಅವಳ ನಾಲಿಗೆ ನಿಜ ಹೇಳುವ ಹೊತ್ತಿಗೆ ಅಂಗುಳಿಗೆ ಅಂಟಿಕೊಂಡಿತು. ನನಗೂ ಇಷ್ಟ ಎನ್ನಲು ಎಷ್ಟು ಉಸಿರು ಬೇಕು? ಅಷ್ಟೂ ಇರಲಿಲ್ಲ. ಬೆಳಕು ನೆಟ್ಟಗೆ ಹಿಡಿಯಿರಿ ಎಂದು ಗದರಿ, ಹೊಸ ವಾಲ್ವಿನ ರಬ್ಬರ್ ಉಂಗುರಕ್ಕೆ ಎಣ್ಣೆ ಸವರಿ, ಡಬ್ಬಿಯ ಬಾಯಿಗೆ ಒತ್ತಿ ಕೂರಿಸಿದಳು. ಬೋಲ್ಟ್ ಬಿಗಿದು, ಪೈಪ್ ಸಿಕ್ಕಿಸಿ, ಪ್ಲಗ್ ಚುಚ್ಚಿದಳು. ಬೇಗ ಮುಗಿದುಹೋಯಿತು. ಇಷ್ಟು ಸಣ್ಣ ಕೆಲಸವನ್ನು ಇಷ್ಟು ದಿನ ಎಳೆದೆನಲ್ಲ ಎಂದು ಅವಳಿಗೇ ನಾಚಿಕೆಯಾಯಿತು.

ಸ್ಕ್ಯಾನರ್ ಸಿಕ್ಕಿಸಿ ಗಾಡಿಯ ಕಂಪ್ಯೂಟರಿನಲ್ಲಿ ಉಳಿದಿದ್ದ ಹಳೇ ದೂರನ್ನು ಅಳಿಸಿದಾಗ ಹಳದಿ ದೀಪ ಆರಿತು. ಅವನು ನೋಡಿದ್ದು ದೀಪವನ್ನಲ್ಲ, ಅವಳನ್ನು. ಉತ್ತರಕ್ಕೆ ಕಾಯುತ್ತಿದ್ದ. ಅವಳು ಬಟ್ಟೆಯಿಂದ ಕೈ ಒರೆಸಿಕೊಂಡಳು, ಒರೆಸಿದ ಕೈಯನ್ನೇ ಮತ್ತೆ ಒರೆಸಿದಳು. ಕೊನೆಗೆ ಪಂಪಿನಲ್ಲಿ ಒಂದು ಸಲ ಪರೀಕ್ಷೆ ಮಾಡದೆ ಗಾಡಿ ಬಿಡುವುದಿಲ್ಲ ಎಂದು ಅಪ್ಪನಿಗೆ ಕೇಳುವಂತೆ ಹೇಳಿ, ಅವನ ಪಕ್ಕದ ಸೀಟಿಗೆ ಹತ್ತಿ ಕೂತಳು.

ದಾರಿಯುದ್ದಕ್ಕೂ ಅವನು ಗೇರ್ ಹಾಕುವಾಗಲೆಲ್ಲ ಅವಳು ಮೊಣಕಾಲನ್ನು ಆಚೆ ಸರಿಸಿದಳು, ಸರಿಸಿದ್ದು ಜಾಸ್ತಿಯಾಯಿತೇನೋ ಎಂದು ಮತ್ತೆ ಈಚೆ ತಂದಳು. ಪಂಪಿನಲ್ಲಿ ಪೆಟ್ರೋಲ್ ಒಂದೇ ಧಾರೆಯಾಗಿ ಇಳಿಯಿತು, ಟ್ಯಾಂಕ್ ತುಂಬಿದ ಮೇಲಷ್ಟೇ ‘ಟಕ್’ ಎಂದಿತು. ಪಂಪಿನವನು ಅಭ್ಯಾಸಬಲದಿಂದ ಇನ್ನಷ್ಟು ತುರುಕಲು ಹೋದಾಗ ಅವಳು ಕೈ ಅಡ್ಡ ಹಿಡಿದಳು. ಹೆಚ್ಚಾದದ್ದು ಇದ್ದಿಲಿನ ಡಬ್ಬಿಗೆ ಇಳಿದರೆ ಡಬ್ಬಿಯೇ ಹಾಳು. ಹಾಗೆ ಹಾಳಾದರೆ ಇವನು ಮತ್ತೆ ಬರಬೇಕಾಗುತ್ತದೆ ಎಂಬ ಯೋಚನೆ ಒಂದು ಕ್ಷಣ ಬಂದದ್ದೂ ನಿಜ. ಆದರೂ ಕೈ ತೆಗೆಯಲಿಲ್ಲ.

ಗ್ಯಾರೇಜಿನ ಮುಂದೆ ನಿಲ್ಲಿಸಿದಾಗ ಅವನು ಎಂಜಿನ್ ಆಫ್ ಮಾಡಲಿಲ್ಲ. ನಗು ತುಟಿಯ ಯಾವ ತುದಿಯಲ್ಲೂ ಇರಲಿಲ್ಲ.

“ಗಾಡಿ ಸರಿ ಹೋಯ್ತು. ಇನ್ನು ಏನಂತ ಬರ್ಲಿ ನಾನು?”

ಅವಳು ಅವನ ಮುಖ ನೋಡಿದಳು. ಇನ್ನೊಂದು ನೆಪ ಹುಡುಕುವುದು ಸುಲಭವಿತ್ತು. ಬ್ರೇಕ್ ಪ್ಯಾಡ್ ಸವೆದಿದೆ ಅನ್ನಬಹುದಿತ್ತು, ಬೆಲ್ಟ್ ಕಿರುಗುಟ್ಟುತ್ತಿದೆ ಅನ್ನಬಹುದಿತ್ತು. ನೆಪಗಳು ಸಾಕಾಗಿದ್ದವು ಅವಳಿಗೆ. ಬಾಗಿಲು ತೆಗೆದು ಇಳಿದವಳು ನೇರ ಅಪ್ಪನ ಕುರ್ಚಿಯ ಮುಂದೆ ಹೋಗಿ ನಿಂತಳು. ದನಿ ಗಟ್ಟಿಯಾಗಿಯೇ ಬಂತು.

“ಅಪ್ಪಾ, ಇವರು ನಾಳೆನೂ ಬರ್ತಾರೆ. ಗಾಡಿಗೆ ಏನೂ ಆಗಿಲ್ಲ.”

ಅಪ್ಪ ಅವಳನ್ನು ನೋಡಿದರು, ಸ್ಟೀರಿಂಗ್ ಹಿಡಿದು ಕಲ್ಲಾಗಿ ಕೂತಿದ್ದ ಅವನನ್ನು ನೋಡಿದರು. ತಪ್ಪು ಹುಡುಕುವ ಆ ಕಣ್ಣಿಗೆ ಇವತ್ತು ಏನೂ ಸಿಕ್ಕಂತೆ ಕಾಣಲಿಲ್ಲ.

“ಹಾಗಾದ್ರೆ ಒಳಗಿಂದ ಇನ್ನೊಂದು ಕುರ್ಚಿ ತಾ,” ಎಂದರು.

ಅವಳು ಕುರ್ಚಿ ತರಲು ಒಳಗೆ ಹೋದಳು. ಹೊರಗೆ ಎಂಜಿನ್ ನಿಂತ ಸದ್ದು ಕೇಳಿಸಿತು.