ಸೀಟಿನ ಕೆಳಗಿನ ಕೆಂಡ

ಇಷ್ಟು ಸುಲಭವಾಗಿ ಆಗಿಬಿಡುತ್ತದೆಯೇ? ಯೋಚನೆಯಲ್ಲಿ ಎಲ್ಲಿಯೂ ಬಿರುಕು ಕಾಣುತ್ತಿಲ್ಲ ಎನ್ನುವುದೇ ಅವನನ್ನು ಕಾಡುತ್ತಿತ್ತು. ನಟ್ಟು ತೀರಾ ಸಲೀಸಾಗಿ ತಿರುಗಿದರೆ ಒಳಗೆಲ್ಲೋ ಸವೆದಿದೆ ಎಂದೇ ಅರ್ಥ. ಇಷ್ಟು ವರ್ಷದ ಕೆಲಸ ಕಲಿಸಿದ್ದು ಅದನ್ನೇ. ಆದರೂ ಹಿತ್ತಲಿನ ಶೆಡ್ಡಿನಲ್ಲಿ ನಿಂತ ಆ ಬಿಳಿ ಎಲೆಕ್ಟ್ರಿಕ್ ಸ್ಕೂಟರನ್ನು ನೋಡಿದಾಗಲೆಲ್ಲ ಅನುಮಾನ ಕರಗಿಹೋಗುತ್ತಿತ್ತು. ಅದು ತಾನಾಗಿಯೇ ಹೊತ್ತಿಕೊಂಡಿತು ಎಂದರೆ ನಂಬದವರು ಯಾರು? ನಂಬುವುದಕ್ಕೆ ಊರೇ ತುದಿಗಾಲಲ್ಲಿ ನಿಂತಿದೆ.

ಅವನು ಆ ವರ್ಕ್‌ಶಾಪಿಗೆ ಕೆಲಸಕ್ಕೆಂದು ಬಂದು, ಯಜಮಾನರ ಮಗಳನ್ನು ಮದುವೆಯಾಗಿ, ಮಹಡಿಯ ಮನೆಯಲ್ಲೇ ಉಳಿದುಕೊಂಡ ಅಳಿಯ. ಬೀದಿಯವರು ಅವನನ್ನು ‘ಡಾಕ್ಟರು’ ಎನ್ನುತ್ತಿದ್ದರು. ಗಾಡಿಗೆ ಕೈ ಹಚ್ಚುವ ಮುಂಚೆ ಕಣ್ಣು ಮುಚ್ಚಿ ಎಂಜಿನ್ನಿನ ಸದ್ದು ಕೇಳುತ್ತಿದ್ದ. ಯಾವ ಭಾಗಕ್ಕೆ ಏನು ಕಾಯಿಲೆ ಎಂದು ಕಿವಿಯೇ ಹೇಳಿಬಿಡುತ್ತಿತ್ತು. ‘ನಮ್ಮ ವರ್ಕ್‌ಶಾಪ್ ನಿಂತಿರೋದೇ ಇವನ ಕಿವಿ ಮೇಲೆ’ ಎಂದು ಮಾವನೇ ಬಂದವರೆದುರು ಹೇಳುತ್ತಿದ್ದರು. ಈಗ ಅದೇ ಮಾವ ವರ್ಕ್‌ಶಾಪ್ ತೆಗೆದುಹಾಕಿ, ಮಗನಿಗೆ ಎಲೆಕ್ಟ್ರಿಕ್ ಸ್ಕೂಟರುಗಳ ಶೋರೂಮ್ ಮಾಡಿಕೊಡುವ ಯೋಚನೆಯಲ್ಲಿದ್ದರು. ಮೊದಲು ಓಡಿಸಿ ನೋಡಿ, ಆಮೇಲೆ ತೀರ್ಮಾನ ಮಾಡಿ ಎಂದು ಭಾವಮೈದ ಒಂದು ಗಾಡಿಯನ್ನು ತಂದು ನಿಲ್ಲಿಸಿದ್ದ.

“ನೀವೂ ಬನ್ನಿ ಭಾವ, ಶೋರೂಮಲ್ಲಿ ಒಂದು ಕುರ್ಚಿ ಹಾಕಿಸ್ತೀನಿ. ಎಣ್ಣೆ ಇಲ್ಲ, ಮಸಿ ಇಲ್ಲ. ಬೆರಳೆಲ್ಲ ಬೆಳ್ಳಗಾಗುತ್ತೆ.”

“ಕುರ್ಚಿ ಮೇಲೆ ಕೂತು ಏನ್ ಮಾಡ್ಲಿ? ಅದಕ್ಕೆ ಸದ್ದೇ ಇಲ್ವಲ್ಲ.”

“ಅದೇ ಅಲ್ವಾ ಅದರ ಹೆಚ್ಚುಗಾರಿಕೆ.”

ಅವನು ಸುಮ್ಮನೆ ಬಿಡಲಿಲ್ಲ. ಊಟಕ್ಕೆ ಕುಳಿತಾಗಲೆಲ್ಲ ಆ ವಿಷಯ ಎತ್ತಿದ. “ಹೊಗೆ ಇಲ್ಲ ಅಂತೀಯಲ್ಲ, ಕರೆಂಟ್ ಏನು ಆಕಾಶದಿಂದ ಉದುರುತ್ತಾ? ಇನ್ಯಾವುದೋ ಊರಲ್ಲಿ ಕಲ್ಲಿದ್ದಲು ಸುಡ್ತಾರೆ. ನಮ್ಮನೆ ಕಸ ಗುಡಿಸಿ ಪಕ್ಕದ ಮನೆ ಬಾಗಿಲಿಗೆ ತಳ್ಳಿದ ಹಾಗಾಯ್ತು. ಬ್ಯಾಟರಿಗೆ ಅಂತ ಗುಡ್ಡಗುಡ್ಡಗಳನ್ನೇ ಬಗೀತಾರೆ. ಅದು ಸತ್ತ ಮೇಲೆ ಎಲ್ಲಿ ಹೂಳ್ತೀಯ?”

“ನೀವು ಹಳೇ ಆಯಿಲ್ ಎಲ್ಲಿ ಚೆಲ್ತೀರೋ, ಅದರ ಪಕ್ಕದಲ್ಲೇ,” ಎಂದ ಭಾವಮೈದ.

ಮಾವ ನಕ್ಕರು. ಅವನು ಅರ್ಧ ಊಟಕ್ಕೇ ತಟ್ಟೆ ಬಿಟ್ಟು ಎದ್ದ.

ಸೀಟು ಎತ್ತಿ ಬ್ಯಾಟರಿಯನ್ನು ಹಿಡಿಕೆ ಹಿಡಿದು ಹೊರಗೆಳೆಯಬಹುದು, ಮನೆಯೊಳಗೆ ಒಯ್ದು ಚಾರ್ಜಿಗೆ ಹಾಕಬಹುದು ಎಂದು ಭಾವಮೈದ ತೋರಿಸಿದಾಗಲೂ ಅವನು ಗೇಲಿ ಮಾಡಿದ್ದ. “ತುಂಬಿದ ಕೊಡದಷ್ಟು ಭಾರ. ಇದನ್ನ ಕಂಕುಳಲ್ಲಿಟ್ಕೊಂಡು ಮಹಡಿ ಹತ್ತೋರು ಯಾರು? ಮಾವನ ಮಂಡಿ ಹತ್ತುತ್ತಾ?” ಆ ಮಾತು ನಿಜವೂ ಆಯಿತು. ಮಾವ ವರ್ಕ್‌ಶಾಪಿನಿಂದ ವೈರು ಎಳೆದು, ಬ್ಯಾಟರಿಯನ್ನು ಅದರ ಗೂಡಿನಲ್ಲೇ ಬಿಟ್ಟು ಚಾರ್ಜ್ ಮಾಡುತ್ತಿದ್ದರು.

ಯೋಚನೆ ಮೊಳೆತದ್ದು ಅಲ್ಲಿಂದಲೇ. ಮಾವ ಲೆಕ್ಕಾಚಾರಕ್ಕೆ ಬಗ್ಗುವವರಲ್ಲ, ಭಯಕ್ಕೆ ಬಗ್ಗುತ್ತಾರೆ. ಗಾಡಿಯೊಂದು ಅವರ ಕಣ್ಣೆದುರೇ ಉರಿದುಹೋದರೆ ಶೋರೂಮಿನ ಮಾತು ಮತ್ತೆ ಆ ಮನೆಯಲ್ಲಿ ಏಳುವುದಿಲ್ಲ. ಅವನು ನೆಲವನ್ನು ಹದ ಮಾಡತೊಡಗಿದ. ದಾರಿಯಲ್ಲಿ ಧಗಧಗ ಉರಿಯುವ ಸ್ಕೂಟರುಗಳ ವಿಡಿಯೋಗಳನ್ನು ಫೋನಿನಲ್ಲಿ ಮಾವನಿಗೆ ತೋರಿಸಿದ. ಶನಿವಾರದ ಊಟದ ಹೊತ್ತಿಗೆ ಕೊನೆಯ ಏಟು ಹಾಕಿದ. “ಸೀಟಿನ ಕೆಳಗೆ ಕೆಂಡ ಇಟ್ಕೊಂಡು ಓಡಾಡ್ತಿದ್ದೀರ ಮಾವ. ಅದೂ ಪೆಟ್ರೋಲು, ಆಯಿಲ್ ಇರೋ ಜಾಗದ ಪಕ್ಕದಲ್ಲೇ ಚಾರ್ಜಿಗೆ ಹಾಕ್ತೀರ. ಹತ್ಕೊಂಡ್ರೆ ವರ್ಕ್‌ಶಾಪೂ ಉಳಿಯಲ್ಲ, ಮನೇನೂ ಉಳಿಯಲ್ಲ.”

ಮಾವ ತಟ್ಟೆಯಲ್ಲಿ ಬೆರಳಾಡಿಸುತ್ತ ಕುಳಿತರು. ಹೆಂಡತಿ ತಂದೆಯ ಮುಖ ನೋಡಿದಳು. ಬೀಜ ಬಿತ್ತು ಎಂದುಕೊಂಡ ಅವನು.

ಭಾನುವಾರ ವರ್ಕ್‌ಶಾಪಿಗೆ ರಜೆ. ಬೆಳಿಗ್ಗೆ ಎಂದಿನಂತೆ ಕ್ಷೌರದಂಗಡಿಗೆ ಹೋಗಿ ಹರಟಿ, ನಿಧಾನವಾಗಿ ಬಂದ. ಊಟಕ್ಕೆ ಮುಂಚೆ ಹಿತ್ತಲಿಗೆ ಇಳಿದ. ಶೆಡ್ಡು ಒಂಟಿಯಾಗಿ ಗೋಡೆಯ ಮೂಲೆಯಲ್ಲಿತ್ತು. ಮಾವನನ್ನು ಹೆದರಿಸಲು ಏನೇ ಹೇಳಿದ್ದರೂ, ಬೆಂಕಿ ಅಲ್ಲಿಂದ ವರ್ಕ್‌ಶಾಪಿಗೆ ದಾಟುವಂತಿರಲಿಲ್ಲ. ಯಾರ ಮೈಗೂ ಬಿಸಿ ತಾಗಬಾರದು ಎನ್ನುವುದು ಅವನ ಕಟ್ಟಳೆಯಾಗಿತ್ತು. ವೈರನ್ನು ಸುತ್ತಿ ಮೊಳೆಗೆ ನೇತುಹಾಕಿದ್ದರು. ಹಾಗಾದರೆ ಚಾರ್ಜ್ ಪೂರ್ತಿಯಾಗಿದೆ. ತುಂಬಿದ ಬ್ಯಾಟರಿಯೇ ಹೆಚ್ಚು ಅಪಾಯ ಎಂದು ಮಾವನಿಗೆ ತಾನೇ ಓದಿ ಹೇಳಿದ್ದ. ಅದೂ ಕೂಡಿ ಬಂತು. ಸೀಟನ್ನು ಮುಟ್ಟಲಿಲ್ಲ. ಕೀಲಿ ಮಾವನ ಬಳಿ ಇತ್ತು, ಬೀಗದ ಮೇಲೆ ಒಂದು ಗೀರು ಬಿದ್ದರೂ ಅದೇ ಸಾಕ್ಷಿ ಹೇಳುತ್ತದೆ. ಕಾಲಿಡುವ ಜಾಗದ ಅಡಿಯಲ್ಲಿ, ತಡವಾಗಿ ಹೊತ್ತಿಕೊಂಡು ಉರಿದ ಮೇಲೆ ಗುರುತೂ ಉಳಿಸದಂಥದನ್ನು ಸಿಕ್ಕಿಸಿ, ಕೈ ತೊಳೆದು ಮೆಟ್ಟಿಲು ಹತ್ತಿದ.

ಮಾವ, ಹೆಂಡತಿ, ಅವನು ಊಟಕ್ಕೆ ಕುಳಿತರು. ಒಳಕೋಣೆಯ ಕಡೆಯಿಂದ ಸಣ್ಣಗೆ ಗುಂಯ್ ಎನ್ನುವ ಸದ್ದು ಬರುತ್ತಿತ್ತು. ಫ್ರಿಜ್ಜು ಮತ್ತೆ ನರಳುತ್ತಿದೆ ಎಂದುಕೊಂಡ. ಬೇರೆ ದಿನವಾಗಿದ್ದರೆ ಎದ್ದುಹೋಗಿ ಕಿವಿಗೊಟ್ಟು ನೋಡುತ್ತಿದ್ದ. ಇವತ್ತು ಅವನ ಕಿವಿಯೆಲ್ಲ ಹಿತ್ತಲಲ್ಲಿತ್ತು.

“ರೀ, ಏನೋ ಸುಟ್ಟ ವಾಸನೆ,” ಎಂದಳು ಹೆಂಡತಿ.

ತಾನು ಮೊದಲು ಹೇಳಬಾರದು ಎಂದು ತಡೆದುಕೊಂಡಿದ್ದ ಅವನು ಈಗ ಎದ್ದು ಕಿಟಕಿಗೆ ಓಡಿದ. ಶೆಡ್ಡಿನಿಂದ ಕಪ್ಪು ಹೊಗೆ ಏಳುತ್ತಿತ್ತು. “ಮಾವ, ಗಾಡಿ. ಬ್ಯಾಟರಿ ಸಿಡೀತು. ಸೀಟಿನ ಕೆಳಗಿಂದ ಭಗ್ ಅಂತ ಬಂತು ನೋಡಿ.”

ಮಾವ ಎದ್ದವರು ಹಾಗೇ ನಿಂತರು. ಹೊಗೆಯನ್ನು ನೋಡಲಿಲ್ಲ, ಅವನನ್ನು ನೋಡಿದರು. ಗಾಬರಿಯಾಗಿದ್ದಾರೆ ಎಂದುಕೊಂಡ.

ಅಗ್ನಿಶಾಮಕದವರು ಬಂದು ನೊರೆ ಸುರಿಯುವ ಹೊತ್ತಿಗೆ ಬೀದಿಯೇ ಹಿತ್ತಲಲ್ಲಿ ಸೇರಿತ್ತು. ಅವನು ಬಂದವರಿಗೆಲ್ಲ ಅದೇ ಕತೆ ಹೇಳಿದ. ಹೇಳಿದಷ್ಟೂ ಕತೆಗೆ ನುಣುಪು ಬಂತು. “ನಾನು ಬಡ್ಕೊಂಡೆ, ಕೇಳೋರಿಲ್ಲ,” ಎಂದೂ ಸೇರಿಸಿದ. ಜನ ತಲೆಯಾಡಿಸಿದರು. ‘ಡಾಕ್ಟರು ಹೇಳಿದ ಮೇಲೆ ಮುಗೀತು’ ಎಂದರು ಯಾರೋ.

ಮಾವ ಕೈಯಲ್ಲಿ ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು ಬಂದರು.

“ನೀನು ನೋಡಿದ್ಯಾ?”

“ಕಣ್ಣಾರೆ ನೋಡಿದೆ ಮಾವ.”

“ಬ್ಯಾಟರಿ ಸಿಡಿದದ್ದನ್ನ?”

“ಇನ್ನೇನಿದೆ ಅದರಲ್ಲಿ ಸಿಡಿಯೋಕೆ.”

ಅಗ್ನಿಶಾಮಕದವನು ಕಬ್ಬಿಣದ ಸರಳಿನಿಂದ ಕರಕಲಾದ ಸೀಟನ್ನು ಎತ್ತಿ, ಬಗ್ಗಿ ನೋಡಿ, “ಇದರ ಬ್ಯಾಟರಿ ಎಲ್ಲಿ?” ಎಂದ. ಗೂಡು ಖಾಲಿಯಿತ್ತು. ಹೆಂಡತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೆಳಗೆ ನೋಡುತ್ತಿದ್ದಳು. “ಮೇಲೆ ಒಳಕೋಣೆಯಲ್ಲಿ ಚಾರ್ಜಿಗಿದೆ,” ಎಂದರು ಮಾವ. “ಆಯಿಲ್ ಪಕ್ಕ ಇಟ್ರೆ ಅಪಾಯ ಅಂತ ಅಳಿಯ ಹೇಳಿದ್ದ. ಬೆಳಿಗ್ಗೆ ಮಗಳೇ ಹೊತ್ಕೊಂಡು ಹೋದ್ಲು.” ಊಟದ ಹೊತ್ತಿನ ಆ ಗುಂಯ್ ಸದ್ದು ಈಗ ಅವನಿಗೆ ಅರ್ಥವಾಯಿತು, ಅದು ಫ್ರಿಜ್ಜಿನದಾಗಿರಲಿಲ್ಲ, ಚಾರ್ಜರಿನದು. ಮಾವ ಅವನ ಹತ್ತಿರ ಬಂದು, ಬೇರೆಯವರಿಗೆ ಕೇಳಿಸದಷ್ಟು ಮೆಲ್ಲಗೆ, “ಯಾಕಪ್ಪಾ?” ಎಂದು ಕೇಳಿದರು. ಕಲ್ಲಿದ್ದಲು, ಹೊಗೆ, ಬಗೆದ ಗುಡ್ಡ, ಎಲ್ಲವೂ ನಾಲಿಗೆಯ ತುದಿಗೆ ಬಂದು ಹಿಂದಕ್ಕೆ ಹೋದವು. ಅವನ್ನೆಲ್ಲ ಅವನು ಆಗಲೇ ಬೇಕಾದಷ್ಟು ಹೇಳಿದ್ದ. ನನ್ನನ್ನು ಈ ವರ್ಕ್‌ಶಾಪಿನಿಂದ ಎಬ್ಬಿಸಬೇಡಿ ಎಂದು ಮಾತ್ರ ಮಾವನಿಗೆ ಒಂದು ದಿನವೂ ಹೇಳಿರಲಿಲ್ಲ.