ರೇಟು ಹೇಳಿ ಸುಮ್ಮನಾದವಳು

ನನ್ನ ಮೊದಲ ಪುಸ್ತಕ ಎಷ್ಟು ಖರ್ಚಾಗಿದೆ ಎಂದು ಕೇಳಲು ಬೈಲಹೊಂಗಲದ ಆ ಪುಸ್ತಕದಂಗಡಿಗೆ ಹೋದ ದಿನ, ಅಂಗಡಿಯ ಸಿದ್ದರಾಮ ಸ್ಟೂಲಿನ ಮೇಲೆ ನಿಂತು ಗೈಡುಗಳ ಧೂಳು ಒರೆಸುತ್ತಿದ್ದ. ಕೆಳಗಿಳಿಯುವ ಸೌಜನ್ಯವನ್ನೂ ತೋರಿಸದೆ ಅಲ್ಲಿಂದಲೇ ಹೇಳಿದ.

"ಒಂದೂ ಹೋಗಿಲ್ರಿ."

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. "ಹೆಂಗ ಹೋಗ್ತಾವ್ರಿ? ಗೈಡಿನ ಸಂದ್ಯಾಗ ತುರುಕಿಟ್ರ ಯಾರ ಕಣ್ಣಿಗೆ ಬೀಳತಾವ?"

ಅವನು ಇಳಿದು ಬಂದು ಬಾಗಿಲ ಪಕ್ಕದ ಗಾಜಿನ ಕಪಾಟು ತೋರಿಸಿದ. ಬೀದಿಗೆ ಮುಖ ಮಾಡಿ ನನ್ನ ಪುಸ್ತಕಗಳೇ ಸಾಲಾಗಿ ನಿಂತಿದ್ದವು. ನನ್ನ ಮುಖ ಸಣ್ಣದಾಯಿತು.

"ನಾನೂ ಒಂದ್ ಮಾತು ಕೇಳ್ಲೇನ್ರಿ, ನೀಲಾ ಅವ್ರ?" ಎಂದ. "ಕಟಕೋಳದಾಗ ನಿಮ್ಮನಿಗೆ ಬಂದ ಹೆಣ್ಮಕ್ಕಳಿಗೆ ಉಡಿ ತುಂಬುವಾಗ ಏನೇನ್ ಹಾಕ್ತೀರಿ?"

"ಅಕ್ಕಿ, ಕೊಬ್ಬರಿ, ಕುಬಸದ ಖಣ..." ಅಲ್ಲಿಗೆ ನಿಲ್ಲಿಸಿದೆ.

"ಮತ್ತ?"

"ನನ್ನ ಪುಸ್ತಕ."

ನಮ್ಮ ಕಡೆ ಮನೆಗೆ ಬಂದ ಹೆಣ್ಣುಮಗಳನ್ನು ಬರಿಗೈಯಲ್ಲಿ ಕಳಿಸುವುದಿಲ್ಲ. ಅವಳು ಸೆರಗೊಡ್ಡಿದರೆ ಅದರಲ್ಲಿ ಇಷ್ಟು ಹಾಕಲೇಬೇಕು. ಪುಸ್ತಕ ಅಚ್ಚಾಗಿ ಬಂದಾಗಿನಿಂದ ನನ್ನ ಅವ್ವ ಅನ್ನಪೂರ್ಣಾ ಖಣದ ಮೇಲೆ ಅದನ್ನೂ ಇಡುತ್ತಿದ್ದಳು. ಪಕ್ಕದಲ್ಲಿ ನಿಂತು ನಾನೂ ಹಿಗ್ಗುತ್ತಿದ್ದೆ. ರಾಮದುರ್ಗದ ಬೀಗರು, ಸವದತ್ತಿಯ ಬೀಗರು, ಅವರ ಬೀಗರು, ಎಲ್ಲರೂ ಒಯ್ದರು.

"ಉಡ್ಯಾಗ ಬೀಳೋದನ್ನ ಅಂಗಡ್ಯಾಗ ಯಾರು ಕೊಳ್ತಾರ್ರಿ?" ಎಂದು ಸಿದ್ದರಾಮ ನಕ್ಕ. ನಕ್ಕರೆ ಅವನ ಎಡಗೆನ್ನೆ ಒಂದಿಷ್ಟು ಒಳಗೆ ಹೋಗುತ್ತದೆ. ಅಷ್ಟು ಸಿಟ್ಟಿನಲ್ಲೂ ಅದು ನನಗೆ ಕಂಡಿತು.

ನಗುವ ಮಾತಾಗಿರಲಿಲ್ಲ. ಉಳಿದ ಪ್ರತಿಗಳು ಖರ್ಚಾಗದೆ ಎರಡನೆಯ ಪುಸ್ತಕಕ್ಕೆ ಕೈ ಹಚ್ಚುವುದಿಲ್ಲ ಎಂದು ಧಾರವಾಡದ ಪ್ರಕಾಶಕರು ಖಡಾಖಂಡಿತವಾಗಿ ಹೇಳಿದ್ದರು. ಬರೆದು ಮುಗಿಸಿದ್ದು ಟ್ರಂಕಿನಲ್ಲಿತ್ತು. ಅದು ಅಲ್ಲೇ ಉಳಿದರೆ ಮತ್ತೆ ಪೆನ್ನು ಹಿಡಿಯುವ ಧೈರ್ಯ ನನಗಿರಲಿಲ್ಲ. ಇದನ್ನೆಲ್ಲ ಅವನೆದುರು ಒಂದೇ ಉಸಿರಿಗೆ ಹೇಳಿದೆ.

ಅವನ ನಗು ನಿಂತಿತು. "ಬರಿಯೂದು ಕಲ್ತೀರಿ. ಮಾರೂದು ನಾ ಕಲಿಸ್ತೇನಿ."

"ಫೀಸು?"

"ಎರಡನೇ ಪುಸ್ತಕ ಎಲ್ಲಾರ್ಕಿಂತ ಮೊದಲ ನಾ ಓದಬೇಕು."

ಹೀಗೆ ಶುರುವಾಯಿತು ನಮ್ಮ ಶನಿವಾರದ ಪಾಠ. ಅಂಗಡಿಯವರಿಗೆ ಕಮಿಷನ್ ಎಷ್ಟು ಬಿಡಬೇಕು, ಪುಸ್ತಕದ ಹಕ್ಕನ್ನು ಯಾರಿಗೂ ಪೂರ್ತಿ ಬರೆದುಕೊಡಬಾರದು ಏಕೆ, ಎಲ್ಲ ಬೇಗ ತಲೆಗೆ ಹೋಯಿತು. ಹೋಗದೆ ಉಳಿದದ್ದು ಒಂದೇ ಪಾಠ.

"ಎಷ್ಟ್ರಿ ಇದಕ್ಕ?" ಎಂದು ಗಿರಾಕಿಯ ಹಾಗೆ ಕೇಳುತ್ತಿದ್ದ.

"ಇನ್ನೂರು. ನೀವು ನೂರಾ ಐವತ್ತು ಕೊಡ್ರಿ. ಇಲ್ಲಾಂದ್ರ ಹಂಗ ಒಯ್ರಿ, ಓದಿ ತಂದ್ಕೊಡೀರಂತ."

ಸಿದ್ದರಾಮ ತಲೆಯ ಮೇಲೆ ಕೈ ಹೊತ್ತುಕೊಳ್ಳುತ್ತಿದ್ದ. "ಇನ್ನೂರು ಅಂದು ಬಾಯಿ ಮುಚ್ಕೋಬೇಕ್ರಿ. ಮುಂದಿನ ಮಾತು ಗಿರಾಕಿದು."

"ಸುಮ್ನ ಕುಂತ್ರ ಎದಿ ಡವಡವ ಅಂತೈತ್ರಿ, ಸಾವ್ಕಾರ್ರ."

"ಅನ್ಲಿ ಬಿಡ್ರಿ. ಶನಿವಾರ ಬಂತಂದ್ರ ನಂದೂ ಅಂತೈತಿ."

ಹೇಳಿದವನೇ ಗೈಡುಗಳ ಕಡೆ ತಿರುಗಿಬಿಟ್ಟ. ಹಿಂದಿನಿಂದ ಅವನ ಕಿವಿ ಕೆಂಪಾದದ್ದು ಚೆನ್ನಾಗಿಯೇ ಕಂಡಿತು. ಆ ವಾರವಿಡೀ ಅವ್ವ ಬಡಿಸಿದ್ದು ರೊಟ್ಟಿಯೋ ಅನ್ನವೋ ನನಗೆ ಗೊತ್ತಾಗಲಿಲ್ಲ.

ಕಿತ್ತೂರಿನಲ್ಲಿ ಮಹಿಳಾ ಸಂಘಗಳ ಸಮಾವೇಶವಿತ್ತು. ಪುಸ್ತಕ ಮಾರಲು ಸಿದ್ದರಾಮ ಅಲ್ಲಿ ಒಂದು ಟೇಬಲ್ ಗೊತ್ತುಮಾಡಿದ. ಅವನ ಬೈಕಿನಲ್ಲಿ ನಾವಿಬ್ಬರು, ನಡುವೆ ಉಳಿದ ಪ್ರತಿಗಳನ್ನೆಲ್ಲ ತುಂಬಿದ ದೊಡ್ಡ ಡಬ್ಬ. ದಾರಿಯಲ್ಲಿ ಎಂ.ಕೆ. ಹುಬ್ಬಳ್ಳಿಯ ಫ್ಯಾಕ್ಟರಿಗೆ ಹೊರಟ ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಕೊಂಡೆವು.

"ಹೇಳ್ರಿ, ಎಷ್ಟು?" ಎಂದು ಮುಂದಿನಿಂದ ಕೂಗಿದ.

"ಇನ್ನೂರು!" ಎಂದು ನಾನೂ ಕೂಗಿದೆ. ಟ್ರ್ಯಾಕ್ಟರಿನವನು ತಿರುಗಿ ನೋಡಿದ.

ಟೇಬಲ್ಲಿಗೆ ಮೊದಲು ಬಂದವಳು ಸಾಲಹಳ್ಳಿಯ ಶಟ್ಟೆವ್ವತ್ತಿ, ನನ್ನ ಅಪ್ಪನ ಅಕ್ಕ. ಅವಳ ಬೆನ್ನಿಗೆ ಅವಳ ಸಂಘದ ಹೆಂಗಸರ ದಂಡು. ಬಂದವಳೇ ಸೆರಗೊಡ್ಡಿದಳು.

"ಹಾಕವ್ವಾ ಒಂದು."

ಎಲ್ಲ ಕಣ್ಣುಗಳೂ ನನ್ನ ಕೈ ಮೇಲೆ. ಒಡ್ಡಿದ ಸೆರಗನ್ನು ಖಾಲಿ ಬಿಡಲು ನಮ್ಮ ಮನೆಯಲ್ಲಿ ಯಾರೂ ನನಗೆ ಕಲಿಸಿರಲಿಲ್ಲ. ಕೈ ತಾನಾಗಿಯೇ ಪುಸ್ತಕದ ಕಡೆ ಹೋಯಿತು. ಸಿದ್ದರಾಮನನ್ನು ನೋಡಿದೆ. ಅವನು ಕಣ್ಣು ಸನ್ನೆಯನ್ನೂ ಮಾಡದೆ ನನ್ನನ್ನೇ ನೋಡುತ್ತಿದ್ದ. ಟ್ರಂಕಿನಲ್ಲಿದ್ದ ಕಥೆಗಳು ನೆನಪಾದವು.

"ಇನ್ನೂರು, ಅತ್ತಿ," ಎಂದೆ. ಬಾಯಿ ಮುಚ್ಚಿದೆ.

ಅತ್ತೆಯ ಹುಬ್ಬು ಮೇಲೇರಿತು. ನಾಲಿಗೆಯ ತುದಿಗೆ ಬಂದ 'ಹಂಗ ಒಯ್ರಿ' ಎಂಬ ಮಾತನ್ನು ಹಲ್ಲು ಕಚ್ಚಿ ಹಿಡಿದೆ.

"ಎಲಾ ಇಕಿನ! ಅತ್ತಿಗೇ ರೇಟ್ ಹೇಳ್ತಿ?" ಅತ್ತೆ ಸೆರಗು ಕೆಳಗೆ ಬಿಟ್ಟಳು. ಆಮೇಲೆ ಜೋರಾಗಿ ನಕ್ಕಳು. "ಹೇಳಬೇಕಾದ್ದ ಬಿಡು. ಹೋದ ಸಲ ನೀವು ಉಡ್ಯಾಗ ಹಾಕಿದ್ದನ್ನ ನಾ ಬೀಗತಿ ಉಡ್ಯಾಗ ಹಾಕೀನಿ. ಆಕಿ ಇನ್ನೊಬ್ಬಾಕಿ ಉಡ್ಯಾಗ ಹಾಕಿರ್ತಾಳ. ಖಣದ್ದೂ ಹಂಗ ಅಲ್ಲೇನು? ಯಾರೂ ಬಿಚ್ಚಿ ನೋಡಿರಂಗಿಲ್ಲ. ರೊಕ್ಕಾ ಕೊಟ್ಟು ತಗೊಂಡದ್ದನ್ನ ಮಾತ್ರ ಓದಿಸ್ಕೊಂಡ ಬಿಡಾಕಿ ನಾ."

ಸೊಂಟದ ಸಂಚಿ ಬಿಚ್ಚಿ ನೋಟು ಕೊಟ್ಟು ಹಿಂದೆ ತಿರುಗಿದಳು. "ಬರ್ರೇ ಎಲ್ಲಾರೂ! ನನ್ನ ಸೊಸಿ ಬರದಾಳ. ಇನ್ನೂರು. ಕಮ್ಮಿ ಕೇಳಬ್ಯಾಡ್ರಿ, ನನಗ ಬಿಟ್ಟಿಲ್ಲ!"

ಮುಂದೆ ನನಗೆ ಉಸಿರಾಡಲು ಪುರಸೊತ್ತಿರಲಿಲ್ಲ. ಸಹಿ ಹಾಕಿ ಬೆರಳು ನೊಂದವು. ಮಧ್ಯಾಹ್ನದ ಊಟದ ಹೊತ್ತಿಗೆ ಡಬ್ಬ ಖಾಲಿ. ಸಿದ್ದರಾಮ ತನ್ನ ಫೋನಿನಲ್ಲೇ ಧಾರವಾಡದ ಪ್ರಕಾಶಕರಿಗೆ ಹಚ್ಚಿಕೊಟ್ಟ. "ಎರಡನೇದಕ್ಕ ಕೈ ಹಚ್ರಿ," ಎಂದೆ. ಆ ಕಡೆಯಿಂದ ಮರುಮಾತಿಲ್ಲದೆ ಹೂಂ ಬಂತು. ನಾನು ಅಲ್ಲೇ ಕುರ್ಚಿಯಲ್ಲಿ ಕುಸಿದು ಕುಳಿತು ನಗುತ್ತಲೇ ಕಣ್ಣೊರೆಸಿಕೊಂಡೆ.

ಹೊರಡುವಾಗ ಬೈಕಿನ ಮೇಲೆ ನಮ್ಮಿಬ್ಬರ ನಡುವೆ ಡಬ್ಬ ಇರಲಿಲ್ಲ. ಎಲ್ಲಿ ಹಿಡಿದುಕೊಳ್ಳಬೇಕೆಂದು ತಿಳಿಯದೆ ಅವನ ಭುಜದ ಮೇಲೆ ಕೈಯಿಟ್ಟೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಕೋಟೆಯ ಹತ್ತಿರದ ಚಹಾದಂಗಡಿಯ ಮುಂದೆ ಬೈಕು ನಿಂತಿತು.

"ನೀಲಾ ಅವ್ರ," ಅವನು ಕಪ್ಪಿನೊಳಗೆ ನೋಡುತ್ತಾ ಹೇಳಿದ, "ನಮ್ಮವ್ವ ಕಟಕೋಳಕ್ಕ ಬರ್ತೇನಿ ಅನ್ನಾಕತ್ತಾಳ್ರಿ. ನಿಮ್ಮ ಉಡಿ ತುಂಬಾಕ."

ಹುಡುಗನ ತಾಯಿ ಬಂದು ಉಡಿ ತುಂಬಿದರೆ ನಮ್ಮಲ್ಲಿ ಮದುವೆ ಗಟ್ಟಿಯಾದಂತೆ. ನಾನು ಚಹಾದ ಕಪ್ಪು ಕೆಳಗಿಟ್ಟೆ.

"ಒಂದು ಮಾತೈತ್ರಿ," ಎಂದೆ. "ಮದುವ್ಯಾದ ಮ್ಯಾಲೂ ಪುಸ್ತಕದ ಹಕ್ಕು ನಂದ. ರೇಟೂ ನಾನ ಹೇಳಾಕಿ."

ಅಷ್ಟು ಹೇಳಿ ಬಾಯಿ ಮುಚ್ಚಿದೆ. ನಾನು ಏನಾದರೂ ಬಿಟ್ಟುಕೊಡುತ್ತೇನೇನೋ ಎಂದು ಅವನು ಕಾಯ್ದ. ನನ್ನ ಎದೆ ಡವಡವ ಅನ್ನುತ್ತಿತ್ತು. ನಾನು ತುಟಿ ಬಿಚ್ಚಲಿಲ್ಲ. ಕೊನೆಗೆ ಆ ಎಡಗೆನ್ನೆ ಒಳಗೆ ಹೋಯಿತು.

"ಕಲಿಸಿದಾಂವಗ ತಿರುಗಿಸಿ ಕೊಟ್ರಿ. ಆತ್ರಿ, ಪೂರಾ ರೇಟಿಗೆ ಒಪ್ಪೀನಿ. ಅವ್ವಗ ಯಾವಾಗ ಬಾ ಅಂತ ಹೇಳ್ಲಿ?"

ಇಲ್ಲಿ ಮಾತ್ರ ಸುಮ್ಮನಿರಲು ನನ್ನಿಂದ ಆಗಲಿಲ್ಲ.

"ನಾಳಿಗೇ ಬರ್ಲಿ," ಎಂದುಬಿಟ್ಟೆ. "ಇಷ್ಟು ಶನಿವಾರ ಯಾಕ ಕಾಯಿಸಿದ್ರಿ?"