ಯಲಹಂಕದಿಂದ ಬಂದ ಖಾಲಿ ಕ್ಯಾಮೆರಾ

ಫೆಬ್ರವರಿ ಹದಿನಾರು, ಭಾನುವಾರ. ಮಾನ್ವಿ ಠಾಣೆಯಲ್ಲಿ ಪಿ.ಎಸ್.ಐ. ನಾಗರತ್ನಾ ಊಟ ಮುಗಿಸಿ ಬಂದು ಕುರ್ಚಿಯಲ್ಲಿ ಕುಳಿತಿದ್ದಳಷ್ಟೆ. ಮೂವತ್ತೈದರ ಆಸುಪಾಸಿನ ಹೆಂಗಸೊಬ್ಬಳು ದೊಡ್ಡ ಕಪ್ಪು ಚೀಲವನ್ನು ಎದೆಗವಚಿಕೊಂಡು ಒಳಗೆ ಬಂದಳು.

"ಕಳುವಾಗ್ಯದ್ರೀ ಮೇಡಮ್ಮರ."

"ಏನು?"

"ವಿಮಾನದ ಫೋಟೋ."

ಪಕ್ಕದ ಮೇಜಿನಲ್ಲಿದ್ದ ಹೆಡ್ ಕಾನ್‌ಸ್ಟೇಬಲ್ ವಿರೂಪಣ್ಣ ತಲೆ ಎತ್ತಿ ನೋಡಿದ.

ಆಕೆಯ ಹೆಸರು ಮುಸರ್ರತ್. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದಳು. ಮದುವೆಮನೆಗಳಲ್ಲಿ ಹೆಣ್ಣುಮಕ್ಕಳ ಕಡೆಯ ಫೋಟೋ ತೆಗೆಯಲು ಸುತ್ತಲಿನ ಊರವರೆಲ್ಲ ಆಕೆಯನ್ನೇ ಕರೆಯುತ್ತಿದ್ದರು. ಅದು ಹೊಟ್ಟೆಪಾಡು, ಜೀವವೆಲ್ಲ ಇದ್ದದ್ದು ವಿಮಾನಗಳ ಮೇಲೆ. ತಂದೆ ಅಬ್ದುಲ್ ವಹೀದ್ ವಾಯುಪಡೆಯಲ್ಲಿ ಡಕೋಟಾ ವಿಮಾನಗಳ ಮೆಕ್ಯಾನಿಕ್ ಆಗಿದ್ದವರು. ಈ ಸಲ ಯಲಹಂಕದ ವೈಮಾನಿಕ ಪ್ರದರ್ಶನದಲ್ಲಿ ಹಳೆಯ ಡಕೋಟಾ ಹಾರುತ್ತದೆಂದು ತಿಳಿದಾಗ ಮುದುಕರು ಹೊರಟೇ ನಿಂತಿದ್ದರು. ಮೊಣಕಾಲು ನೋವು ಬಿಡಲಿಲ್ಲ. ಮಗಳು ಹೋಗಿದ್ದಳು. ಎರಡು ದಿನ ಬಿಸಿಲಲ್ಲಿ ನಿಂತು ಫೋಟೋ ಹಿಡಿದಿದ್ದಳು.

"ಮನಿಗೆ ಬಂದು, ಅಬ್ಬಾಗ ತೋರಿಸಬೇಕಂತ ಕ್ಯಾಮೆರಾ ಹಚ್ಚಿದ್ರ ಒಳಗ ಮೆಮೊರಿ ಕಾರ್ಡೇ ಇಲ್ರೀ. ಎರಡು ಹಾಕಿದ್ದೆ, ಎರಡೂ ಇಲ್ಲ."

"ಕ್ಯಾಮೆರಾ ಅದಲ್ಲ?"

"ಅದರೀ. ಲೆನ್ಸೂ ಅದ. ಕಾರ್ಡಷ್ಟೇ ಇಲ್ಲ."

ವಿರೂಪಣ್ಣನಿಗೆ ನಗು ತಡೆಯಲಾಗಲಿಲ್ಲ. "ಉಗುರಿನಷ್ಟು ಕಾರ್ಡಿಗೆ ಎಫ್.ಐ.ಆರ್. ಏನ್ರೀ ಮೇಡಂ? ಎಲ್ಲೋ ಬಿದ್ದಿರಬೇಕು."

"ಎರಡೂ ಕೂಡಿ ಬೀಳ್ತಾವೇನು? ಲಕ್ಷಗಟ್ಟಲೆ ಲೆನ್ಸ್ ಬಿಟ್ಟು ಕಾರ್ಡ್ ಒಯ್ದಾನಂದ್ರ ಅವನಿಗೆ ಬೇಕಾಗಿದ್ದು ಫೋಟೋ. ಬರೀರಿ," ಎಂದಳು ನಾಗರತ್ನಾ.

ಪ್ರಯಾಣದ ನಡುವೆ ಆದ ಕಳುವಾದ್ದರಿಂದ ಮಾನ್ವಿ ಠಾಣೆಯಲ್ಲೇ ಪ್ರಕರಣ ದಾಖಲಾಯಿತು. ದೂರಿನ ಪ್ರತಿ ಕೈಗೆ ಬಂದಾಗ ಮುಸರ್ರತ್ ಕಣ್ಣು ಒರೆಸಿಕೊಂಡಳು. ನಾಗರತ್ನಾ ಪ್ರಶ್ನೆ ಶುರುಮಾಡಿದಳು.

"ಕಾರ್ಡ್ ಕಡೀ ಸಲ ಯಾವಾಗ ನೋಡಿದ್ರಿ?"

"ರೈಲಿನಾಗ. ಫೋಟೋ ಎಲ್ಲಾ ನಮ್ಮ ಸರಿಗೆ ತೋರಿಸಿದ್ದೆ."

"ಯಾವ ಸರ್?"

"ಮಲ್ಲೇಶ ಸರ್‍ರೀ. ದೇವದುರ್ಗದಾಗ ಸ್ಟುಡಿಯೋ ಅದ. ನನಗ ಕ್ಯಾಮೆರಾ ಹಿಡಿಯಾಕ ಕಲಿಸಿದವರೇ ಅವರು. ಪ್ರತಿ ಪ್ರದರ್ಶನಕ್ಕೂ ಇಬ್ಬರೂ ಕೂಡೇ ಹೋಗ್ತೀವಿ."

"ಆಮ್ಯಾಲೆ?"

"ಮುಂಜಾನಿ ರಾಯಚೂರಾಗ ಇಳದ್ವಿ. ಬಸ್‌ಸ್ಟ್ಯಾಂಡಿಗೆ ಬಂದು ಚಾ ಕುಡದ್ವಿ. ಅವರು ದೇವದುರ್ಗದ ಬಸ್ ಹತ್ತಿದ್ರು, ನಾನು ಮಾನ್ವಿದು."

"ಚೀಲ ಯಾರ ಕೈಗರ ಕೊಟ್ಟಿದ್ರೇನು?"

"ಮುಖ ತೊಳೆಯಾಕ ಹೋದಾಗ ಸರಿಗೆ ಕೊಟ್ಟಿದ್ದೆ. ಅವರ ಬಗ್ಗೆ ಕೇಳಬ್ಯಾಡ್ರಿ ಮೇಡಂ. ಅವರು ನನಗ ತಂದಿ ಇದ್ದಂಗ."

ನಾಗರತ್ನಾ ಮೊದಲು ಬಸ್ಸಿನ ಕಡೆ ನೋಡೋಣವೆಂದು ವಿರೂಪಣ್ಣನನ್ನು ಡಿಪೋಗೆ ಕಳಿಸಿದಳು. ಅಂದಿನ ಕಂಡಕ್ಟರ್ ಹಂಪಯ್ಯನಿಗೆ ಆಕೆಯ ನೆನಪು ಚೆನ್ನಾಗಿಯೇ ಇತ್ತು. "ಮ್ಯಾಲೆ ಇಡ್ರೀ ಅಂದ್ರೂ ಕೇಳ್ಲಿಲ್ಲ ಸರ್. ಕೂಸಿನಂಗ ತೊಡಿ ಮ್ಯಾಲೆ ಇಟ್ಕೊಂಡು ಬಂದ್ರು. ಬಾಜೂಕ ಒಬ್ಬ ಮುದುಕಿ ಕುಂತಿತ್ತು. ಅದು ರಾಯಚೂರಿಂದ ಮಾನ್ವಿತನಕ ನಿದ್ದಿ."

ಹಾಗಾದರೆ ಬಸ್ಸಿನಲ್ಲಿ ಹೋದದ್ದಲ್ಲ.

ಸೋಮವಾರ ನಾಗರತ್ನಾ ಮತ್ತು ವಿರೂಪಣ್ಣ ರಾಯಚೂರು ಬಸ್ ನಿಲ್ದಾಣದ ಸಿಸಿಟಿವಿ ಕೋಣೆಯಲ್ಲಿ ಕುಳಿತರು. ಕ್ಯಾಂಟೀನಿನ ಎದುರಿನ ಕಲ್ಲುಬೆಂಚು ಪರದೆಯಲ್ಲಿ ಸ್ಪಷ್ಟವಾಗಿಯೇ ಕಾಣುತ್ತಿತ್ತು. ಮುಸರ್ರತ್ ಚೀಲ ಕೊಟ್ಟು ಹೋಗುತ್ತಾಳೆ. ಬಿಳಿ ಅಂಗಿಯ, ಐವತ್ತು ದಾಟಿದ ಸಣಕಲು ಮನುಷ್ಯ ಕೊಂಚ ಹೊತ್ತು ಸುಮ್ಮನೆ ಕೂರುತ್ತಾನೆ. ಆಮೇಲೆ ಜಿಪ್ ಎಳೆಯುತ್ತಾನೆ. ಕ್ಯಾಮೆರಾದಿಂದ ಏನನ್ನೋ ತೆಗೆಯುತ್ತಾನೆ. ಅದು ಕೈಜಾರಿ ನೆಲಕ್ಕೆ ಬೀಳುತ್ತದೆ. ಬಗ್ಗಿ ಹುಡುಕುತ್ತಾನೆ. ಹೆಕ್ಕಲು ಹೋದರೆ ಬೆರಳಿಗೆ ಸಿಗದು. ಮತ್ತೆ ಯತ್ನಿಸುತ್ತಾನೆ. ಕಡೆಗೆ ಅಂಗೈಯಿಂದ ಬಳಿದು ಎತ್ತಿಕೊಂಡು ಜೇಬಿಗೆ ಹಾಕುತ್ತಾನೆ.

"ಇವನೇ ಮಲ್ಲೇಶ. ಕುಡದಾನೇನ್ರೀ ಮೇಡಂ? ಕೈ ನೋಡ್ರಿ," ಎಂದ ವಿರೂಪಣ್ಣ.

ನಾಗರತ್ನಾ ಆ ತುಣುಕನ್ನು ಇನ್ನೊಮ್ಮೆ ಹಾಕಿಸಿ ನೋಡಿದಳು. ಕಳ್ಳ ಸಿಕ್ಕನೆಂಬ ಸಮಾಧಾನಕ್ಕಿಂತ ಆ ಹೆಣ್ಣುಮಗಳಿಗೆ ಇದನ್ನು ಹೇಗೆ ಹೇಳುವುದೆಂಬ ಚಿಂತೆಯೇ ಅವಳಿಗೆ ಹೆಚ್ಚಾಯಿತು. ಕಾರ್ಡು ಉಳಿದಿದ್ದರೂ ಫೋಟೋ ಉಳಿದಿವೆಯೋ ಇಲ್ಲವೋ.

ಮಂಗಳವಾರ ಬೆಳಿಗ್ಗೆ ಸಾಕ್ಷಿಗೆಂದು ಇಬ್ಬರು ಪಂಚರನ್ನು ಕರೆದುಕೊಂಡು ಅವರು ದೇವದುರ್ಗದ ಸ್ಟುಡಿಯೋಗೆ ಹೋದರು. ಮಲ್ಲೇಶ ಎದ್ದು ನಿಂತ. ಎರಡೂ ಕೈ ಪ್ಯಾಂಟಿನ ಜೇಬಿನಲ್ಲಿದ್ದವು.

"ಬಸ್‌ಸ್ಟ್ಯಾಂಡಿನಾಗ ಮುಸರ್ರತ್ ಚೀಲ ನಿಮ್ಮ ಹತ್ರ ಇತ್ತಲ್ಲ?"

"ಇತ್ರೀ."

"ತೆರೆದ್ರೇನು?"

"ಇಲ್ರೀ."

"ಮತ್ತ ನೆಲದಾಗ ಏನು ಹುಡುಕಿದ್ರಿ?"

ಮಲ್ಲೇಶ ಮೇಜಿನ ಹಿಂದಕ್ಕೆ ಸರಿದ.

"ಕೈ ಹೊರಗ ತಗೀರಿ."

ಕೈಗಳು ಹೊರಬಂದವು. ಗಾಳಿಗೆ ಸಿಕ್ಕ ಕಾಗದದಂತೆ ಬೆರಳುಗಳು ಅದುರುತ್ತಿದ್ದವು. ಆತ ಅಂಗಿಯ ಜೇಬಿಗೆ ತಾನೇ ಕೈಹಾಕಿ ಎರಡು ಕಾರ್ಡುಗಳನ್ನು ಮೇಜಿನ ಮೇಲಿಟ್ಟ. ಪಂಚರ ಸಮಕ್ಷಮ ಜಪ್ತಿ ಪಂಚನಾಮೆ ಆಯಿತು.

"ಅಳಿಸೀರೇನು?" ನಾಗರತ್ನಾ ಕೇಳಿದಳು.

"ಇಲ್ರೀ. ಅಳಿಸಾಕಂತ ಎರಡು ಸಲ ಕುಂತೆ. ಆ ಡಕೋಟಾ ಫೋಟೋ ಬಂದ ಕೂಡ್ಲೇ ಆಗ್ಲಿಲ್ಲ. ಅಂಥಾ ಫೋಟೋ ನನ್ನ ಜಲ್ಮದಾಗ ನಾನು ತಗದಿಲ್ಲ."

"ಯಾಕ ಮಾಡಿದ್ರಿ ಇದನ್ನ?"

ಮಲ್ಲೇಶ ಕುರ್ಚಿಯಲ್ಲಿ ಕುಸಿದು ಕುಳಿತ. "ವರ್ಷ ಆತ್ರೀ ಕೈ ನಡಗಾಕತ್ತು. ಯಾರಿಗೂ ಹೇಳಿಲ್ಲ. ಹೇಳಿದ್ರ ಮದುವಿ ಕೆಲಸ ಯಾರು ಕೊಡ್ತಾರ? ಯಲಹಂಕದಾಗ ನಾ ತಗದಿದ್ದು ಒಂದೂ ಚೊಲೊ ಬಂದಿಲ್ಲ. ಎಲ್ಲಾ ಅಲುಗಾಡ್ಯಾವ. ರೈಲಿನಾಗ ಆಕಿ ತನ್ನವು ತೋರಿಸಿ, 'ಸರ್, ನಿಮ್ಮವ ತೋರಿಸ್ರಿ' ಅಂದ್ಲು. ಬ್ಯಾಟರಿ ಹೋಗ್ಯದ ಅಂದೆ. ಊರಾಗ ಎಲ್ಲರೂ ಕೇಳ್ತಾರ, ಏನು ತೋರಸ್ಲಿ? ಆಕೀವೇ ನನ್ನವು ಅಂತ ತೋರಿಸಬೇಕಂತ ಮಾಡಿದ್ದೆ."

"ಕೈ ಡಾಕ್ಟರಿಗೆ ತೋರಿಸೀರೇನು?"

"ನಮ್ಮಪ್ಪಗೂ ಹಿಂಗೇ ಶುರುವಾಗಿತ್ರೀ. ಕಡೀಕಡೀಗೆ ತುತ್ತು ಬಾಯಿತನಕ ಹೋಗ್ತಿರಲಿಲ್ಲ. ಡಾಕ್ಟರಿಗೆ ತೋರಿಸಿದ್ರ ಅದೇ ಅಂತ ಖರೇ ಆಗ್ತದಲ್ರೀ."

ನಾಗರತ್ನಾ ದಸ್ತಗಿರಿಯ ಕಾರಣಗಳನ್ನು ಓದಿ ಹೇಳಿ, ಅವನ ತಮ್ಮನಿಗೆ ಫೋನ್ ಮಾಡಿಸಿ, ಆತನನ್ನು ಜೀಪಿಗೆ ಹತ್ತಿಸಿದಳು.

ದಸ್ತಗಿರಿಯಾದವರನ್ನು ವೈದ್ಯರಿಗೆ ತೋರಿಸುವುದು ಕಾನೂನು. ಬೇರೆ ದಿನಗಳಲ್ಲಿ ಅದು ಸಹಿ ಹಾಕಿಸಿಕೊಂಡು ಬರುವ ಕೆಲಸವಷ್ಟೆ. ಆದರೆ ಮಾನ್ವಿ ಆಸ್ಪತ್ರೆಯ ವೈದ್ಯೆ ಮಲ್ಲೇಶನ ನಾಡಿ ಹಿಡಿದವಳು ಬೇಗ ಬಿಡಲಿಲ್ಲ. ಅಂಗೈ ಮುಟ್ಟಿದಳು. ಕುತ್ತಿಗೆ ಒತ್ತಿ ನೋಡಿದಳು. ತೂಕ ಎಷ್ಟು ಇಳಿದಿದೆ, ನಿದ್ದೆ ಬರುತ್ತದೆಯೇ, ಎದೆ ಹೊಡೆದುಕೊಳ್ಳುತ್ತದೆಯೇ ಎಂದು ಕೇಳಿದಳು. ಸರಿಯಾಗಿ ನಿದ್ದೆ ಮಾಡಿ ತಿಂಗಳುಗಳೇ ಆದವೆಂದ ಮಲ್ಲೇಶ. ರಕ್ತ ತೆಗೆದು ರಾಯಚೂರಿಗೆ ಕಳಿಸಿದಳು.

ಅಂದು ಸಂಜೆ ಕಾರ್ಡುಗಳನ್ನು ಗುರುತಿಸಲು ಮುಸರ್ರತ್ ತಂದೆಯನ್ನೂ ಕರೆದುಕೊಂಡು ಬಂದಳು. ಮಲ್ಲೇಶನ ಸುದ್ದಿ ಅವಳಿಗೆ ಆಗಲೇ ತಿಳಿದಿತ್ತು, ಮುಖ ಬಿಗಿದುಕೊಂಡಿತ್ತು. ಠಾಣೆಯ ಕಂಪ್ಯೂಟರಿನಲ್ಲಿ ಚಿತ್ರಗಳು ಒಂದೊಂದಾಗಿ ತೆರೆದುಕೊಂಡವು. ಎಲ್ಲವೂ ಇದ್ದವು. ಬಿರುಸಿನ ಯುದ್ಧವಿಮಾನಗಳ ಸಾಲು ಮುಗಿದು ಡಕೋಟಾ ಬಂತು. ದಪ್ಪ ಹೊಟ್ಟೆಯ ಹಳೆಯ ವಿಮಾನ, ಎರಡು ಪಂಖಗಳು ಬಿಸಿಲಲ್ಲಿ ಬೆಳ್ಳಿಯ ಬಳೆಗಳಂತೆ ತಿರುಗುತ್ತ, ಅವಸರವಿಲ್ಲದೆ ಆಕಾಶದಲ್ಲಿ ನಿಂತಿತ್ತು.

ಅಬ್ದುಲ್ ವಹೀದ್ ಪರದೆಯ ಹತ್ತಿರ ಮುಖ ತಂದರು. "ಹಾರಾಕತ್ತದಲ್ಲ," ಎಂದು ಜೋರಾಗಿ ನಕ್ಕರು. "ಏ ಬೇಟಾ, ಇನ್ನೂ ಹಾರಾಕತ್ತದ!"

ನಗುತ್ತಲೇ ಕಣ್ಣು ತುಂಬಿಕೊಂಡರು. ವಿರೂಪಣ್ಣ ಅವರಿಗೆ ನೀರು ತಂದುಕೊಟ್ಟ.

ಬುಧವಾರ ಮಾನ್ವಿ ನ್ಯಾಯಾಲಯದ ವರಾಂಡದಲ್ಲಿ ಮಲ್ಲೇಶನನ್ನು ಬೆಂಚಿನ ಮೇಲೆ ಕೂರಿಸಿದ್ದರು. ಜಾಮೀನಿಗೆ ತನ್ನ ತಕರಾರಿಲ್ಲವೆಂದು ಹೇಳಲು ಮುಸರ್ರತ್ ಬಂದಿದ್ದಳು, ಆದರೆ ಅವನ ಕಡೆ ನೋಡದೆ ಕಂಬದ ಹತ್ತಿರ ನಿಂತಿದ್ದಳು. ಆಗಲೇ ವೈದ್ಯೆಯ ಫೋನ್ ಬಂತು. ನಾಗರತ್ನಾ ಪೂರ್ತಿ ಕೇಳಿಸಿಕೊಂಡು, ನೇರ ಬೆಂಚಿನ ಹತ್ತಿರ ಬಂದಳು.

"ಮಲ್ಲೇಶಣ್ಣಾರ, ನಿಮ್ಮಪ್ಪಗ ಬಂದಿದ್ದು ನಿಮಗ ಬಂದಿಲ್ಲ."

ಆತ ಮುಖವೆತ್ತಿ ನೋಡಿದ.

"ಥೈರಾಯ್ಡ್ ಹೆಚ್ಚಾಗಿ ಕೈ ನಡಗ್ತಾವಂತ. ಗುಳಗಿ ಕೊಡ್ತಾರ. ಕೆಲವು ತಿಂಗಳದಾಗ ನಡುಕ ನಿಲ್ತದ ಅಂದಾರ. ಕೇಸು ನಡೀತದ, ಅದು ಬ್ಯಾರೆ."

ಕಂಬದ ಹತ್ತಿರ ನಿಂತಿದ್ದ ಮುಸರ್ರತ್ ಮೆಲ್ಲಗೆ ಬಂದು ಬೆಂಚಿನ ಇನ್ನೊಂದು ತುದಿಯಲ್ಲಿ ಕುಳಿತಳು.

"ನನಗ ಹೇಳಬಾರದೇನ್ರೀ ಸರ್, ಕೈ ನಡಗ್ತಾವಂತ?" ಎಂದಳು. ಸಿಟ್ಟು ಇನ್ನೂ ಇತ್ತು. ದನಿ ಮಾತ್ರ ಒಡೆದಿತ್ತು.

ಕಳ್ಳತನಕ್ಕೆ ಅವನನ್ನು ದೂಡಿದ್ದು ದುರಾಸೆಯಲ್ಲ, ಒಂದು ವರ್ಷ ಒಬ್ಬನೇ ಹೊತ್ತ ಹೆದರಿಕೆ. ಅದನ್ನು ಬರೆಯಲು ದೋಷಾರೋಪಣ ಪಟ್ಟಿಯಲ್ಲಿ ಜಾಗವಿರಲಿಲ್ಲ.

ಒಳಗಿನಿಂದ ಕರೆ ಬರುವುದು ತಡವಾಯಿತು. ವಿರೂಪಣ್ಣ ತಿರುಗಿ ನೋಡಿದಾಗ ಆರೋಪಿ ಗೋಡೆಗೆ ತಲೆಯಾನಿಸಿ, ಬಾಯಿ ತೆರೆದುಕೊಂಡು, ಗಾಢ ನಿದ್ದೆಯಲ್ಲಿದ್ದ.

"ಎಬ್ಬಿಸ್ಲೇನ್ರೀ ಮೇಡಂ?"

"ಮಲಗ್ಲಿ ಬಿಡ್ರಿ," ಎಂದಳು ನಾಗರತ್ನಾ. "ಒಳಗ ಇನ್ನೂ ಬ್ಯಾರೇ ಕೇಸ್ ನಡದದ."